ಚೆಲುವನ ಹೊಸ ಗಂಟಲು

ಚೆಲುವ ಕಬಿನಿ ಹಿನ್ನೀರಿನ ಈ ದಡದಲ್ಲಿ ನಿಂತು "ಕುಮುದಾ" ಎಂದು ಒಂದು ಸಲ ಕೂಗಿದರೆ ಸಾಕು, ಆಚೆ ದಡದ ಬಿದಿರುಮೆಳೆಯಲ್ಲಿ ಮೇಯುತ್ತಿದ್ದ ಹೆಣ್ಣಾನೆ ಬಾಯಲ್ಲಿದ್ದ ಸೊಪ್ಪನ್ನು ಅರ್ಧಕ್ಕೇ ಬಿಟ್ಟು ನೀರಿಗಿಳಿಯುತ್ತಿತ್ತು. ಬಳ್ಳೆಹಳ್ಳದ ಆನೆ ಬಿಡಾರಕ್ಕೆ ಬರುವ ಪ್ರವಾಸಿಗರು ಅದನ್ನು ನೋಡಲೆಂದೇ ಕಾಯುತ್ತಿದ್ದರು. ನೀರಿನ ಮೇಲೆ ಸೊಂಡಿಲ ತುದಿಯೊಂದನ್ನೇ ಎತ್ತಿ ಹಿಡಿದು ಕುಮುದ ಈಜಿ ಬರುವಳು, ದಡ ಹತ್ತಿ ಮೈ ಕೊಡವುವಳು, ಆಮೇಲೆ ಸೊಂಡಿಲನ್ನು ನೀಡಿ ಚೆಲುವನ ಬಾಯಿಗೆ ತಾಗಿಸಿ ಅವನ ಉಸಿರು ಮೂಸುವಳು. ಆನೆಗಳು ತಮ್ಮತಮ್ಮಲ್ಲಿ ಒಂದನ್ನೊಂದು ಮಾತಾಡಿಸುವ ರೀತಿ ಅದು. ಕುಮುದ ತಾಯಿಯಿಲ್ಲದ ಮರಿಯಾಗಿ ಬಿಡಾರಕ್ಕೆ ಬಂದಾಗ ಬಾಟಲಿಯಲ್ಲಿ ಹಾಲು ಕುಡಿಸಿದವನು ಚೆಲುವ. ಅಂದಿನಿಂದ ಅವಳಿಗೆ ಅವನೇ ಮಾವುತ.

ಆ ಧ್ವನಿ ಒಂದು ಬೇಸಿಗೆಯಲ್ಲಿ ಒಡೆಯಿತು. ಶೀತವಿರಬೇಕು ಎಂದುಕೊಂಡು ಚೆಲುವ ಬಿಸಿನೀರಿಗೆ ಜೇನು ಹಾಕಿಕೊಂಡು ಕುಡಿದ. ಬೀಡಿ ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಮಳೆಗಾಲ ಬರುವಷ್ಟರಲ್ಲಿ ಉಗುಳು ನುಂಗಿದರೆ ಕಿವಿಯವರೆಗೆ ನೋಯತೊಡಗಿತು. ಹೆಂಡತಿ ಮಾಸ್ತಮ್ಮ ಅವನ ಯಾವ ಮಾತನ್ನೂ ಕೇಳದೆ ಮೈಸೂರಿನ ಬಸ್ಸು ಹತ್ತಿಸಿದಳು. ಆಸ್ಪತ್ರೆಯಲ್ಲಿ ವೈದ್ಯರು ಮೂಗಿನ ಮೂಲಕ ಸಣ್ಣದೊಂದು ಕ್ಯಾಮೆರಾ ಇಳಿಸಿ ನೋಡಿದರು. ನೋಡಿ ಕೈಗವಸು ಕಳಚಿಟ್ಟರು.

"ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು," ಎಂದರು. "ತೆಗೆದ್ರೆ ಬದುಕ್ತೀರಿ. ಉಸಿರಾಟಕ್ಕೆ ಕತ್ತಿನ ಮುಂದುಗಡೆ ಒಂದು ತೂತು ಮಾಡ್ತೀವಿ. ಇನ್ನುಮುಂದೆ ಮೂಗು ಬಾಯಿಯಿಂದ ಉಸಿರಾಡೋದು ಇರಲ್ಲ."

"ಮಾತು?" ಎಂದಳು ಮಾಸ್ತಮ್ಮ.

ವೈದ್ಯರು ತಲೆ ಎತ್ತಿ ಬಾಗಿಲ ಬಳಿ ನಿಂತಿದ್ದ ಹೆಂಗಸಿನ ಕಡೆ ನೋಡಿದರು. ಆಕೆ ಅರುಂಧತಿ ಹೊಳ್ಳ. ಅದೇ ಊರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಕೃತಕ ಗಂಟಲುಗಳನ್ನು ತಯಾರಿಸುವ ಎಂಜಿನಿಯರ್. ಕುರ್ಚಿ ಎಳೆದುಕೊಂಡು ಚೆಲುವನ ಎದುರಿಗೆ ಕೂತು ಹೇಳಿದಳು: "ನಿಮ್ಮ ಧ್ವನಿ ಇನ್ನೂ ಪೂರ್ತಿ ಹೋಗಿಲ್ಲ. ಆಪರೇಷನ್‌ಗೆ ಮುಂಚೆ ಎಷ್ಟಾಗುತ್ತೋ ಅಷ್ಟು ರೆಕಾರ್ಡ್ ಮಾಡ್ಕೊಳ್ಳೋಣ. ಆಮೇಲೆ ನಾನು ಮಾಡೋ ಸಾಧನಕ್ಕೆ ಅದನ್ನೇ ಕಲಿಸ್ತೀನಿ."

ಮಾರನೇ ದಿನ ಅವನನ್ನು ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ ಕೂರಿಸಿ ಮೈಕು ಮುಂದಿಟ್ಟಳು. ಏನಾದರೂ ಮಾತಾಡಿ ಎಂದಳು. ಚೆಲುವನಿಗೆ ಗೋಡೆಯ ಹತ್ತಿರ ಏನು ಮಾತಾಡುವುದೋ ತಿಳಿಯಲಿಲ್ಲ. ಹೊಳ್ಳ ಮೇಡಂ ಮಾಸ್ತಮ್ಮನನ್ನು ಒಳಗೆ ಕರೆದು ಎದುರಿಗೆ ಕೂರಿಸಿದಳು. ಗಂಡಹೆಂಡಿರು ಮೊದಲು ಅಕ್ಕಿಯ ಬಗ್ಗೆ, ಆಮೇಲೆ ಮಗಳ ಮನೆಯವರ ಬಗ್ಗೆ, ಆಮೇಲೆ ಬೀಡಿಯ ಬಗ್ಗೆ ಮಾತಾಡಿ, ಜಗಳಕ್ಕೆ ಬಿದ್ದರು. ಒಳ್ಳೆಯ ರೆಕಾರ್ಡಿಂಗ್ ಆಯಿತು. ಕೊನೆಗೆ ಚೆಲುವ ಕಣ್ಣು ಮುಚ್ಚಿಕೊಂಡು, ಕುಮುದಳ ಕತ್ತಿನ ಮೇಲೆ ಕೂತಿದ್ದೇನೆ ಎಂದು ಅಂದುಕೊಂಡು, ಅವಳಿಗೆ ಹೇಳುವುದನ್ನೆಲ್ಲ ಹೇಳಿದ. ಕೂರಲು "ಬೈಟ್", ನಿಲ್ಲಲು "ಧತ್", ಇನ್ನು ಯಾವ ಭಾಷೆಗೂ ಸೇರದ, ಅವರಿಬ್ಬರ ನಡುವೆಯೇ ಹುಟ್ಟಿಕೊಂಡ ಹತ್ತಾರು ಸದ್ದುಗಳು. ಒಡೆದ ಗಂಟಲಲ್ಲೂ ಅವು ಹೇಗೋ ಬಂದವು.

ಆಪರೇಷನ್ ಮುಗಿದು, ಗಾಯ ಮಾಗಿ, ಚೆಲುವ ಬಿಡಾರಕ್ಕೆ ಮರಳಿದಾಗ ಅವನ ಕತ್ತಿನ ಬುಡದಲ್ಲಿ ನಾಣ್ಯದಗಲದ ತೂತಿತ್ತು. ಅದರ ಮೇಲೆ ತೆಳು ಬಟ್ಟೆಯ ತುಂಡೊಂದನ್ನು ಕಟ್ಟಿಕೊಂಡಿದ್ದ. ಜೀಪಿನಿಂದ ಇಳಿದವನೇ ಆನೆ ಕಟ್ಟುವ ಜಾಗಕ್ಕೆ ಹೋದ. ಕುಮುದ ವಾಸನೆಯಿಂದಲೇ ತಿಳಿದುಕೊಂಡು ಸರಪಳಿ ಜಗ್ಗಿದಳು. ಸೊಂಡಿಲನ್ನು ಅವನ ಬಾಯಿಗೆ ತಂದಳು. ಬಾಯಲ್ಲಿ ಉಸಿರಿಲ್ಲ. ಮೂಗಿನ ಹತ್ತಿರ ತಂದಳು, ಅಲ್ಲೂ ಇಲ್ಲ. ಸೊಂಡಿಲ ತುದಿ ಅವನ ಕೆನ್ನೆ, ಗದ್ದ, ಕತ್ತಿನ ಮೇಲೆ ನಿಧಾನಕ್ಕೆ ಹುಡುಕುತ್ತ ಇಳಿದು, ಬಟ್ಟೆಯನ್ನು ಸರಿಸಿ, ಆ ತೂತಿನ ಮುಂದೆ ನಿಂತಿತು. ಅಲ್ಲಿ ಅವನ ಬಿಸಿಯುಸಿರು ಬಂದುಹೋಗುತ್ತಿತ್ತು. ಕುಮುದ ಬಹಳ ಹೊತ್ತು ಅದನ್ನೇ ಮೂಸುತ್ತ ನಿಂತಳು. ಚೆಲುವ ಅತ್ತ, ಅಳುವಿಗೂ ಸದ್ದಿರಲಿಲ್ಲ.

ಇಲಾಖೆಯ ನಿಯಮ ಮಾತ್ರ ಬೇರೆಯಿತ್ತು. ಆನೆ ಬೆದರಿ ಓಡಿದರೆ ಕೂಗಿ ನಿಲ್ಲಿಸಲಾಗದವನು ಅದರ ಮೇಲೆ ಕೂರುವಂತಿಲ್ಲ. ರೇಂಜರ್ ನಾಚಪ್ಪನವರು ಅದನ್ನು ಹೇಳುವಾಗ ಚೆಲುವನ ಮುಖ ನೋಡಲಿಲ್ಲ. ಅವನನ್ನು ಆನೆಗಳ ಅಡುಗೆಮನೆಗೆ ಹಾಕಿದರು. ಬೆಳಿಗ್ಗೆಯೆಲ್ಲ ದೊಡ್ಡ ಕೊಪ್ಪರಿಗೆಯಲ್ಲಿ ರಾಗಿ ಮುದ್ದೆ ತೊಳಸುವುದು, ಹುಲ್ಲಿನೊಳಗೆ ಭತ್ತ ಬೆಲ್ಲ ಇಟ್ಟು ಕಟ್ಟುವುದು. ಕುಮುದಳನ್ನು ಅಕ್ರಂ ಎಂಬ ಮಾವುತನಿಗೆ ಒಪ್ಪಿಸಿದರು. ಅಕ್ರಂ ಒಳ್ಳೆಯ ಕೆಲಸಗಾರ, ಚೆಲುವನನ್ನು ಸ್ವಂತ ಅಣ್ಣನಂತೆ ಕಂಡವನು. ಆದರೂ ಕುಮುದ ಅವನ ಮಾತಿಗೆ ಕದಲಲಿಲ್ಲ. ಹೊಳೆದಂಡೆಯವರೆಗೆ ನಡೆಯುವಳು, ನಿಂತುಬಿಡುವಳು. ಒಂದು ದಿನ ಅಕ್ರಂನನ್ನು ಕತ್ತಿನ ಮೇಲೆ ಕೂರಿಸಿಕೊಂಡೇ ತಿರುಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಣ್ಣಾ, ಹಿಂಗೇ ಆದ್ರೆ ಇವಳನ್ನ ಉತ್ತರದ ಯಾವುದೋ ಮೃಗಾಲಯಕ್ಕೆ ಕಳಿಸ್ತಾರಂತೆ," ಎಂದ ಅಕ್ರಂ ಕೆಳಗಿಳಿದು. "ಸಾಹೇಬರು ಫೋನಲ್ಲಿ ಮಾತಾಡ್ತಿದ್ರು. ನಂಗೆ ಹೇಳೋಕೂ ಬಾಯಿ ಬರ್ತಿಲ್ಲ."

ಚೆಲುವ ರಾಗಿಹಿಟ್ಟಿನ ಕೈಯಲ್ಲೇ ಕುಮುದಳ ಕಾಲು ತಟ್ಟಿ, ಕೈಸನ್ನೆಯಲ್ಲಿ ಅವಳನ್ನು ವಾಪಸು ಕಳಿಸಿದ.

ಮನೆಯಲ್ಲೂ ಸುಖವಿರಲಿಲ್ಲ. ಅವನು ಕರೆಯಬೇಕೆಂದರೆ ಚಪ್ಪಾಳೆ ತಟ್ಟಬೇಕು, ಇಲ್ಲವೇ ತಟ್ಟೆ ಬಡಿಯಬೇಕು. "ನಾನೇನು ಕೋಳಿಯಾ, ತಟ್ಟೆ ಬಡಿದ್ರೆ ಬರೋಕೆ?" ಎಂದು ಮಾಸ್ತಮ್ಮ ಒಮ್ಮೆ ಸಿಡುಕಿ, ಆಮೇಲೆ ಹಿತ್ತಿಲಿಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಜಗಳಕ್ಕೆ ಉತ್ತರ ಕೊಡದ ಗಂಡ ಅವಳಿಗೆ ಹೊಸಬ.

ಚಳಿಗಾಲದಲ್ಲಿ ಮೈಸೂರಿನಿಂದ ಕರೆ ಬಂತು. ಗಂಟಲು ತಯಾರಾಗಿತ್ತು.

ಹೊಳ್ಳ ಮೇಡಂ ಅದನ್ನು ಗಾಜಿನ ತಟ್ಟೆಯಲ್ಲಿಟ್ಟು ತೋರಿಸಿದಳು. ಬೆರಳಿನ ಉಗುರಿನಷ್ಟು ದೊಡ್ಡ ಕೊಳವೆ, ಅದರ ಬಾಯಿಗೆ ಈರುಳ್ಳಿ ಸಿಪ್ಪೆಯಂಥ ಪೊರೆ.

"ಹಾರ್ಮೋನಿಯಂ ನೋಡಿದ್ದೀರಲ್ಲ," ಎಂದಳು. "ನಿಮ್ಮ ಶ್ವಾಸಕೋಶ ಅದರ ತಿದಿ. ನಾಲಗೆ, ತುಟಿ, ಹಲ್ಲು ಎಲ್ಲ ನೆಟ್ಟಗಿವೆ. ಒಳಗೆ ಅದುರೋ ರೀಡು ಒಂದು ಮಾತ್ರ ಇಲ್ಲ. ಈ ಪೊರೆ ಆ ರೀಡು. ಕರೆಂಟು ಹಾಯಿಸಿದ್ರೆ ಬಿಗಿಯಾಗುತ್ತೆ, ಬಿಟ್ಟರೆ ಸಡಿಲ ಆಗುತ್ತೆ. ಬಿಗಿಯಾದ್ರೆ ಸಣ್ಣ ಧ್ವನಿ, ಸಡಿಲ ಆದ್ರೆ ದಪ್ಪ ಧ್ವನಿ."

"ಅದಕ್ಕೆ ಯಾವಾಗ ಬಿಗಿಯಾಗ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಗಂಡನ ಪರವಾಗಿ ಮಾಸ್ತಮ್ಮ ಕೇಳಿದಳು.

"ಅವರ ಮಿದುಳೇ ಹೇಳುತ್ತೆ. ಗಂಟಲಿಗೆ ಹೋಗ್ತಿದ್ದ ನರಾನ ಆಪರೇಷನ್ ದಿನವೇ ಡಾಕ್ಟರು ಕತ್ತಿನ ಒಂದು ಸ್ನಾಯುವಿಗೆ ಜೋಡಿಸಿದ್ದಾರೆ. ಮಾತಾಡ್ಬೇಕು ಅಂದ್ಕೊಂಡ್ರೆ ಆ ಸ್ನಾಯು ಮಿಡಿಯುತ್ತೆ. ಮೇಲೆ ಅಂಟಿಸೋ ಪಟ್ಟಿ ಆ ಮಿಡಿತ ಓದಿ ಪೊರೆಗೆ ಹೇಳುತ್ತೆ."

ಕತ್ತಿನ ತೂತಿನ ಒಳಗೆ, ಮಾತಾಡುವಾಗ ಉಸಿರು ಅದರ ಮೂಲಕ ಬಾಯಿಗೆ ಹೋಗುವಂತೆ, ಕೊಳವೆಯನ್ನು ಕೂರಿಸಿದ್ದು ವೈದ್ಯರು. ಮಾಸ್ತಮ್ಮನನ್ನು ಹೊರಗಿನ ಬೆಂಚಿನಲ್ಲಿ ಕೂರಲು ಹೇಳಿದರು. ಒಳಗೆ ಹೊಳ್ಳ ಮೇಡಂ "ಆ" ಅನ್ನಿ ಎಂದಳು. ಚೆಲುವ ಪ್ರಯತ್ನಿಸಿದ. ನೀರು ಗುಳಗುಳಿಸಿದಂತಾಯಿತು. ಇನ್ನೊಮ್ಮೆ. ಕಪ್ಪೆಯ ಸದ್ದು ಬಂತು. ಎಷ್ಟೋ ಹೊತ್ತು ಹೀಗೇ ನಡೆದು ಅವನ ಹಣೆ ಬೆವರಿತು, ಕೈಯಾಡಿಸಿ ಸಾಕು ಎಂದ. "ಗಂಟಲಿನ ಬಗ್ಗೆ ಯೋಚನೆ ಮಾಡ್ಬೇಡಿ," ಎಂದಳು ಹೊಳ್ಳ ಮೇಡಂ. "ಯಾರನ್ನಾದ್ರೂ ಕರೀರಿ, ಅಷ್ಟೇ."

ಚೆಲುವ ಬಾಗಿಲ ಕಡೆ ತಿರುಗಿದ.

"ಮಾಸ್ತೀ."

"ಏನು?" ಎಂದು ಹೊರಗಿನ ಬೆಂಚಿನಿಂದ ಉತ್ತರ ಬಂತು. ಎಂದಿನ ಸಿಡುಕಿನ, ಎಂದಿನ ಅಭ್ಯಾಸದ ಉತ್ತರ. ಆಮೇಲೆ ಸ್ಟೀಲಿನ ಊಟದ ಡಬ್ಬಿ ನೆಲಕ್ಕೆ ಬಿದ್ದು ಉರುಳಿದ ಸದ್ದು. ಮಾಸ್ತಮ್ಮ ಬಾಗಿಲು ತಳ್ಳಿಕೊಂಡು ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಇನ್ನೊಂದ್ಸಲ ಕರಿ," ಎಂದಳು.

ಅವನು ಕರೆದ. ಅದು ಅವನದೇ ಧ್ವನಿ, ರೆಕಾರ್ಡಿಂಗಿನ ಒಡಕನ್ನೆಲ್ಲ ಶುದ್ಧಿ ಮಾಡಿ ತೆಗೆದ, ಒಡೆಯುವುದಕ್ಕೆ ಮುಂಚಿನಂಥದು. ಹೊಳ್ಳ ಮೇಡಂ ಕಿಟಕಿಯ ಕಡೆ ತಿರುಗಿ ನಿಂತು, ಇಂಥ ದಿನಗಳಲ್ಲಿ ತನಗೆ ಕನ್ನಡಕ ಯಾಕೆ ಮಸುಕಾಗುತ್ತದೆಂದು ಯಾರಿಗೂ ವಿವರಿಸದೆ ಅದನ್ನು ಒರೆಸಿಕೊಂಡಳು.

ಬಿಡಾರಕ್ಕೆ ಬಂದ ದಿನ ಹಬ್ಬದಂತಿತ್ತು. ಅಕ್ರಂ ಅವನನ್ನು ತಬ್ಬಿಕೊಂಡ. ನಾಚಪ್ಪನವರು ಕೈಕುಲುಕಿ "ಏನಯ್ಯಾ, ಎಲ್ಲಿ ಕೂಗು ನೋಡೋಣ" ಎಂದರು. ಚೆಲುವ ದಡದಲ್ಲಿ ನಿಂತು ಎದೆ ತುಂಬ ಗಾಳಿ ಎಳೆದುಕೊಂಡು "ಕುಮುದಾ" ಎಂದು ಕೂಗಿದ. ನೀರಿನ ಮೇಲೆ ಧ್ವನಿ ಹಿಂದಿನಂತೆಯೇ ಜಾರಿ ಹೋಯಿತು. ಆಚೆ ದಡದಲ್ಲಿ ಕುಮುದ ತಲೆಯೆತ್ತಿದಳು. ಕಿವಿ ಬಿಚ್ಚಿದಳು. ಬರಲಿಲ್ಲ.

ದೋಣಿಯಲ್ಲಿ ಅವನೇ ಹೋದ. ಹತ್ತಿರ ಬಿಟ್ಟುಕೊಂಡಳು, ಕತ್ತಿನ ತೂತಿನ ಬಳಿ ಸೊಂಡಿಲು ತಂದಳು. ಆದರೆ ಅವನು "ಬೈಟ್" ಎಂದೊಡನೆ ಬೆಚ್ಚಿ ಹಿಂದಕ್ಕೆ ಸರಿದು, ಸೊಂಡಿಲನ್ನು ನೆಲಕ್ಕೆ ಅಪ್ಪಳಿಸಿದಳು. ಆನೆ ಹೆದರಿದಾಗ ಮಾಡುವ ಸದ್ದು ಅದು. ಮೈವಾಸನೆ ಚೆಲುವನದು, ಒಳಗಿಂದ ಮಾತಾಡುತ್ತಿರುವುದು ಬೇರೆ ಯಾರೋ. ಅವನು ಎಷ್ಟು ಮೆತ್ತಗೆ ಮಾತಾಡಿದನೋ ಅಷ್ಟು ಹಿಂದೆ ಹಿಂದೆ ಹೋದಳು.

ಅಂದು ಮನೆಗೆ ಬಂದವನು ಧ್ವನಿಯಿದ್ದೂ ಮಾಸ್ತಮ್ಮನನ್ನು ತಟ್ಟೆ ಬಡಿದೇ ಕರೆದ.

ವಿಷಯ ತಿಳಿದು ಹೊಳ್ಳ ಮೇಡಂ ಫೋನ್ ಮಾಡಿದಳು. "ನಿಮ್ಮ ಹೆಂಡತಿ ಒಂದೇ ಮಾತಿಗೆ ಗುರುತಿಸಿದ್ರು. ಆನೆ ಗುರುತಿಸಲಿಲ್ಲ. ಅಂದ್ರೆ ನಿಮ್ಮ ಧ್ವನಿಯಲ್ಲಿ ಹೆಂಡತಿಗೆ ಕೇಳದ ಏನೋ ಒಂದು ಆನೆಗೆ ಕೇಳ್ತಿತ್ತು. ಅದನ್ನ ನಾನು ಬಿಟ್ಟಿದ್ದೀನಿ." ಅಷ್ಟು ಹೇಳಿ ಫೋನ್ ಇಟ್ಟು, ಪ್ರಯೋಗಾಲಯದಲ್ಲಿ ಅವನ ಹಳೆಯ ರೆಕಾರ್ಡಿಂಗನ್ನು, ಶುದ್ಧಿ ಮಾಡುವುದಕ್ಕೆ ಮುಂಚಿನ ಮೂಲ ಪ್ರತಿಯನ್ನು, ತೆಗೆದು ಕೂತಳು.

ವಾರ ಕಳೆಯುವುದರೊಳಗೆ ಗಂಡಹೆಂಡಿರನ್ನು ಕರೆಸಿಕೊಂಡಳು. ಪರದೆಯ ಮೇಲೆ ಚೆಲುವನ ಮಾತು ಬೆಟ್ಟಗುಡ್ಡಗಳಂತೆ ಹರಡಿತ್ತು.

"ಇದು ನೀವು ಮಾಸ್ತಮ್ಮನ ಹತ್ರ ಜಗಳ ಆಡಿದ್ದು. ಇದು ಆನೆಗೆ ಹೇಳಿದ್ದು. ವ್ಯತ್ಯಾಸ ಇಲ್ಲಿದೆ ನೋಡಿ." ಆನೆಗೆ ಹೇಳಿದ ಪ್ರತಿ ಮಾತಿನ ಮುಂದೆಯೂ ಪುಟ್ಟ ಪುಟ್ಟ ಗೆರೆಗಳ ಸಾಲೊಂದಿತ್ತು. ಅದನ್ನು ಕೇಳಿಸಿದಳು. ಹಳೆಯ ಬಾಗಿಲು ನಿಧಾನಕ್ಕೆ ಕಿರುಗುಟ್ಟಿದಂತಿತ್ತು.

"ಇದು ನಾನಾ?" ಎಂದ ಚೆಲುವ.

"ನೀವೇ. ಆನೆ ಹತ್ರ ಮಾತಾಡೋ ಮುಂಚೆ ಪ್ರತಿ ಸಲ ಗಂಟಲ ಬುಡದಿಂದ ಹೀಗೆ ಗುರುಗುಟ್ಟುತ್ತಿದ್ರಿ. ನಮ್ಮ ಕಂಪ್ಯೂಟರ್ ಇದನ್ನ ಗಂಟಲು ಸರಿಮಾಡ್ಕೊಳ್ಳೋ ಸದ್ದು ಅಂದ್ಕೊಂಡು ತೆಗೆದುಹಾಕಿದೆ. ಮನುಷ್ಯರ ಮಾತಿಗೆ ಬೇಡ ಅಂತ ನಾನೇ ಅಂಥದೊಂದು ಸೋಸುಕ, ಅಂದ್ರೆ ಫಿಲ್ಟರ್, ಹಾಕಿದ್ದೆ." ಆಕೆ ಉತ್ಸಾಹದಿಂದ ಎದ್ದು ನಿಂತಳು. "ಆನೆ ಗಂಟಲೂ ನಮ್ಮ ಗಂಟಲೂ ಕೆಲಸ ಮಾಡೋದು ಒಂದೇ ಥರ. ಗಾಳಿ ಬೀಸಿದ್ರೆ ಧ್ವನಿತಂತು ಅದುರುತ್ತೆ. ಅದರ ತಂತು ಉದ್ದ, ದಪ್ಪ, ಅದಕ್ಕೇ ನಿಧಾನ. ಸೆಕೆಂಡಿಗೆ ಇಪ್ಪತ್ತು ಸಲಕ್ಕಿಂತ ಕಡಿಮೆ ಅದುರಿದ್ರೆ ನಮ್ಮ ಕಿವಿಗೆ ಬೀಳೋದೇ ಇಲ್ಲ. ಆನೆಗಳು ಅಲ್ಲೇ, ಆ ನೆಲಮಾಳಿಗೆಯಲ್ಲೇ ಮಾತಾಡ್ಕೊಳ್ಳೋದು. ಮೈಲಿಗಟ್ಟಲೆ ದೂರ ಹೋಗುತ್ತೆ ಅದು. ನೀವು ಗೊತ್ತಿಲ್ಲದೆ ಆ ನೆಲಮಾಳಿಗೆಯ ಬಾಗಿಲು ತಟ್ಟಿ ಆಮೇಲೆ ಮಾತಾಡ್ತಿದ್ರಿ."

"ಸೋಸುಕ ತೆಗೆದುಬಿಡಿ," ಎಂದ ಚೆಲುವ.

"ತೆಗೀಬಹುದು. ಆದ್ರೆ ಒಂದು ಮಾತು. ಅಷ್ಟು ನಿಧಾನಕ್ಕೆ ಅದುರುವಾಗ ಪೊರೆ ಬಹಳ ದೂರ ಹೋಗಿ ಬರುತ್ತೆ. ಜಗ್ಗುತ್ತೆ. ಯಾವತ್ತಾದರೂ ಹರೀಬಹುದು. ಹರಿದ್ರೆ ಹೊಸ ಪೊರೆ ಬೆಳೆಸೋಕೆ ತಿಂಗಳುಗಟ್ಟಲೆ ಬೇಕು. ಅಲ್ಲೀತನಕ ಮಾತಿಲ್ಲ."

ಮಾಸ್ತಮ್ಮ ಕಾರಿಡಾರಿಗೆ ಎದ್ದುಹೋದಳು. ಚೆಲುವ ಹಿಂದೆಯೇ ಹೋದ.

"ಈಗಷ್ಟೇ ಬಂದೈತೆ ಮಾತು," ಎಂದಳು ಅವಳು ಗೋಡೆಯ ಕಡೆ ಮುಖ ಮಾಡಿ. "ಇಷ್ಟು ದಿನ ನಾನು ಒಬ್ಬಳೇ ಮಾತಾಡಿ ಒಬ್ಬಳೇ ಉತ್ತರ ಹೇಳ್ಕೊಂಡು ಬದುಕಿದ್ದೀನಿ. ಆನೆಗೋಸ್ಕರ ಅದನ್ನ ಮತ್ತೆ ಕಳೀತೀಯಾ?"

"ಕುಮುದಳನ್ನ ಕಳಿಸಿಬಿಡ್ತಾರೆ," ಎಂದ ಚೆಲುವ. ಮಾಸ್ತಮ್ಮ ಅವನ ಮುಖವನ್ನು ನೋಡಿ ನಿಟ್ಟುಸಿರು ಬಿಟ್ಟಳು.

"ಹೋಗು. ತೆಗೆಸ್ಕೋ. ಆದ್ರೆ ಅವಳ ಹತ್ರ ಮಾತಾಡಿ ಮನೆಗೆ ಬರುವಾಗ ನಂಗೂ ಸ್ವಲ್ಪ ಉಳಿಸ್ಕೊಂಡು ಬಾ."

ಸೋಸುಕ ತೆಗೆದ ಮೇಲೆ ಹೊಳ್ಳ ಮೇಡಂ ತಾನೇ ಅವನ ಜೊತೆ ಬಿಡಾರಕ್ಕೆ ಬಂದಳು. ಬೆಳಗಿನ ಬಿಸಿಲು ಹಿನ್ನೀರಿನ ಮೇಲೆ ಹರಡಿತ್ತು. ಕೂಗುವುದು ಬೇಡ, ಮೈಗೆ ಮೈ ತಾಗಿರಲಿ ಎಂದು ಆಕೆ ಹೇಳಿದ್ದಳು. ಅಷ್ಟು ತಗ್ಗಿನ ಧ್ವನಿಯನ್ನು ಗಾಳಿಯಲ್ಲಿ ತಳ್ಳಲು ಮನುಷ್ಯನ ಎದೆ ಸಾಲದು, ಮೂಳೆಯಿಂದ ಮೂಳೆಗಾದರೆ ಹೋಗುತ್ತದೆ. ಅಕ್ರಂ ಕುಮುದಳನ್ನು ಹಿಡಿದು ನಿಂತ. ಚೆಲುವ ಅವಳ ಮುಂಗಾಲಿನ ಮೇಲೆ ಹೆಜ್ಜೆಯಿಟ್ಟು, ಕಿವಿ ಹಿಡಿದು ಹತ್ತಿ, ಕತ್ತಿನ ಮೇಲೆ ಕೂತು, ಕಾಲುಗಳನ್ನು ಕಿವಿಗಳ ಹಿಂದೆ ಇಳಿಬಿಟ್ಟ. ಕುಮುದಳ ಮೈ ಬಿಗಿದೇ ಇತ್ತು.

ಅವನು ಗುರುಗುಟ್ಟಿದ. ಮೊದಲು ಕಿರುಗುಟ್ಟುವ ಬಾಗಿಲು. ಆಮೇಲೆ ಪೊರೆ ಇನ್ನೂ ಸಡಿಲವಾಯಿತು. ಕಿರುಗುಟ್ಟುವುದು ನಿಧಾನವಾಗಿ ಒಂದೊಂದೇ ಬಡಿತವಾಗಿ, ಆಮೇಲೆ ಸದ್ದೇ ಇಲ್ಲವಾಯಿತು. ಕೆಳಗೆ ನಿಂತವರಿಗೆ ಅವನು ಸುಮ್ಮನೆ ಕೂತಂತೆ ಕಂಡಿತು. ಅವನ ಎದೆಗೂಡು ಮಾತ್ರ ಒಳಗೊಳಗೇ ನಡುಗುತ್ತಿತ್ತು. ಮಾಂಸದ ಗಂಟಲು ಎಂದೂ ಇಳಿಯದಷ್ಟು ಕೆಳಕ್ಕೆ ಆ ಈರುಳ್ಳಿ ಸಿಪ್ಪೆ ಇಳಿದಿತ್ತು. ತೊಡೆಯ ಕೆಳಗೆ ಕುಮುದಳ ಬಿಗಿದ ಮೈ ಸಡಿಲವಾಯಿತು.

ಆಮೇಲೆ ಅವಳು ಉತ್ತರ ಕೊಟ್ಟಳು.

ಚೆಲುವ ಬಾಳಿನುದ್ದಕ್ಕೂ ಆನೆಗಳ ಜೊತೆ ಇದ್ದವನು. ಆನೆ ಗುಡುಗುಟ್ಟುವಾಗ ಅದರ ಹಣೆ ಅದುರುವುದನ್ನು ಕೈಯಿಟ್ಟು ನೋಡಿದ್ದ. ಇದು ಅದಲ್ಲ. ಕುಮುದಳ ಮೈಯಿಂದ ಎದ್ದ ಅಲೆ ಅವನ ಬೆನ್ನುಹುರಿ ಹತ್ತಿ, ಪೊರೆಗೆ ತಾಗಿ, ಪೊರೆಯನ್ನು ಅದುರಿಸಿತು. ಪೊರೆಯ ಅದುರು ಅವನ ಗಂಟಲಲ್ಲಿ ನಾಲಗೆಯ ಬುಡದವರೆಗೆ ಮಾತಿನಂತೆ ತುಂಬಿಕೊಂಡಿತು. ಅವನು ಬಾಯಿ ತೆರೆಯಲಿಲ್ಲ, ಉಸಿರು ಬಿಡಲಿಲ್ಲ; ಆದರೂ ಅವನ ಗಂಟಲು ಮಾತಾಡುತ್ತಿತ್ತು, ಅವನಲ್ಲದ ಇನ್ನೊಬ್ಬರ ಮಾತನ್ನು. ಅದಕ್ಕೆ ಏರಿತವಿತ್ತು, ಇಳಿತವಿತ್ತು, ನಿಲುಗಡೆಯಿತ್ತು. ಎರಡು ಸಲ ಒಂದೇ ತಿರುವು ಬಂತು. ದೇವರ ಗುಡಿಯೊಳಗೆ ಚಪ್ಪಲಿ ಹಾಕಿಕೊಂಡೇ ಬಂದುಬಿಟ್ಟೆನೇನೋ ಎಂಬಂಥ ಭಯವಾಯಿತು.

ಕೆಳಗೆ ಹೊಳ್ಳ ಮೇಡಂ, ಕಿವಿಗೆ ಬೀಳದ ಸದ್ದನ್ನು ಗೆರೆಯಾಗಿ ತೋರಿಸಲು ತಾನು ತಂದಿದ್ದ ಯಂತ್ರದ ಪರದೆಯನ್ನೇ ನೋಡುತ್ತಿದ್ದಳು. ಅದರಲ್ಲಿ ಎರಡು ಗೆರೆಗಳು, ಚೆಲುವನದೊಂದು ಕುಮುದಳದೊಂದು, ಒಂದರ ಹಿಂದೊಂದು ಏಳುತ್ತಿದ್ದವು.

"ಅಲ್ಲಾ," ಎಂದ ಅಕ್ರಂ ಮೆಲ್ಲಗೆ. "ಮೇಡಂ, ಏನಾಗ್ತಿದೆ? ಏನೂ ಕೇಳಿಸ್ತಿಲ್ಲ."

"ನಂಗೂ ಕೇಳಿಸ್ತಿಲ್ಲ," ಎಂದಳು ಆಕೆ. "ಪೊರೆ ಮಾತಾಡಿಸುತ್ತೆ ಅಂತ ಗೊತ್ತಿತ್ತು. ಕೇಳಿಸಿಕೊಳ್ಳುತ್ತೆ ಅಂತ ಯೋಚನೆ ಮಾಡಿರಲಿಲ್ಲ."

"ಬೈಟ್," ಎಂದ ಚೆಲುವ ಮೇಲಿನಿಂದ. ಕುಮುದ ಮಗುವಿನಂತೆ ಕೂತಳು.

ಅವಳನ್ನು ಕಳಿಸುವ ಮಾತು ಅಲ್ಲಿಗೆ ನಿಂತಿತು. ಚೆಲುವನಿಗೆ ಮಾವುತನ ಕೆಲಸ ಮರಳಿ ಸಿಕ್ಕಿತು. ಹೊಳ್ಳ ಮೇಡಂ ರಜೆ ಸಿಕ್ಕಾಗಲೆಲ್ಲ ತನ್ನ ಯಂತ್ರ ಹಿಡಿದು ಬಂದು ಆ ಗೆರೆಗಳನ್ನು ಸಂಗ್ರಹಿಸಿಕೊಂಡು ಹೋಗುತ್ತಿದ್ದಳು. ಅರ್ಥ ಕೇಳಿದರೆ ಚೆಲುವ ತಲೆಯಾಡಿಸುವನು. ಮಾತು ಅನ್ನುವುದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಪಕ್ಕದ ಮನೆಯವರು ಗೋಡೆಯಾಚೆ ಮಾತಾಡಿದಂತೆ ಎನ್ನುವನು. ಅವನು ಮಿತವಾಗಿ, ಹೆದರಿ ಹೆದರಿ ಆ ಧ್ವನಿಯನ್ನು ಬಳಸಿದ. ಮನೆಗೆ ಬಂದು ಮಾಸ್ತಮ್ಮನ ಜೊತೆ ಅಕ್ಕಿಯ ಬಗ್ಗೆ, ಮಗಳ ಬಗ್ಗೆ ಮಾತಾಡಿದ. ಜಗಳವನ್ನೂ ಆಡಿದ.

ಮುಂಗಾರಿನ ಮೊದಲ ವಾರಗಳಲ್ಲಿ ಕಾಡಂಚಿನ ಆನೆ ಕಂದಕಕ್ಕೆ ಒಂದು ಮರಿ ಬಿತ್ತು. ಕಾಡಾನೆಗಳು ಹೊಲಕ್ಕೆ ಬಾರದಿರಲೆಂದು ತೋಡಿದ ಆಳದ ಗುಂಡಿ ಅದು. ಮಳೆಗೆ ಮಣ್ಣು ಕುಸಿದು ತಳದಲ್ಲಿ ಕೆಸರು ತುಂಬಿತ್ತು. ಮರಿ ಹೊಟ್ಟೆಯವರೆಗೆ ಹೂತು ಅರಚುತ್ತಿತ್ತು. ಕಾಡಿನ ಬದಿಯ ಅಂಚಿನಲ್ಲಿ ಇಡೀ ಹಿಂಡು ನಿಂತಿತ್ತು. ಎಲ್ಲಕ್ಕೂ ಮುಂದೆ, ಒಂದು ಕಿವಿ ಹರಿದ ಮುದಿ ಹೆಣ್ಣಾನೆ. ಗುಂಡಿಯ ದಡ ಕಡಿಯಲು ತಂದ ಜೆಸಿಬಿಯನ್ನು ಅದು ಎರಡು ಸಲ ಅಟ್ಟಿಸಿಕೊಂಡು ಬಂದಿತ್ತು. ಗಾಬರಿಯಲ್ಲಿ ಹಿಂಡಿನ ಕಾಲಡಿ ಮಣ್ಣು ಇನ್ನಷ್ಟು ಕುಸಿದು ಮರಿಯ ಮೇಲೆ ಬೀಳುತ್ತಿತ್ತು.

"ಪಟಾಕಿ ಹಚ್ಚಿ ಓಡಿಸಬಹುದು," ಎಂದರು ನಾಚಪ್ಪನವರು. "ಓಡೋವಾಗ ಗುಂಡಿಗೆ ಇನ್ನೊಂದು ಬಿದ್ರೆ? ತಾಯಿ ಮರಳಿ ಬರದೇ ಇದ್ರೆ?" ಮುಖದ ಮೇಲಿನ ಮಳೆನೀರು ಒರೆಸಿಕೊಂಡು ಚೆಲುವನ ಕಡೆ ತಿರುಗಿದರು. "ಹಿಂಡನ್ನ ಮಾತಾಡಿಸಿ ಹಿಂದಕ್ಕೆ ಕಳಿಸೋಕೆ ನಿಂಗೆ ಆಗುತ್ತೇನಯ್ಯಾ? ಬಲವಂತ ಇಲ್ಲ."

ಹೊಳ್ಳ ಮೇಡಂ ಅಂದು ಬಿಡಾರದಲ್ಲೇ ಇದ್ದವಳು ಜೀಪಿನಲ್ಲಿ ಬಂದಿದ್ದಳು. "ಚೆಲುವಣ್ಣ, ತುಂಬ ಹೊತ್ತು ಬೇಡ. ಪೊರೆ ಹಳೇದಾಗಿದೆ," ಎಂದಳು. ಅವನು ತಲೆಯಾಡಿಸಿ, ಕಂದಕ ಮುಗಿಯುವಲ್ಲಿ ಬಳಸಿಕೊಂಡು, ಕುಮುದಳನ್ನು ಕಾಡಿನ ಬದಿಗೆ ನಡೆಸಿದ.

ಹತ್ತಿರವಾಗುತ್ತಿದ್ದಂತೆ ಅವನ ಗಂಟಲು ತುಂಬತೊಡಗಿತು. ಒಂದಲ್ಲ, ಎರಡಲ್ಲ, ಹಿಂಡು ಹಿಂಡೇ ಅವನ ಕತ್ತಿನೊಳಗೆ ಮಾತಾಡುತ್ತಿತ್ತು. ಸಾವಿನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಎಲ್ಲರೂ ಒಟ್ಟಿಗೆ ಮಾತಾಡುವಂತೆ, ಒಂದರ ಮೇಲೊಂದು ಬಿದ್ದು, ತಡೆದು, ಮತ್ತೆ ಎದ್ದು. ಅದರ ಅಡಿಯಲ್ಲಿ ಒಂದು ಬಹಳ ಹಳೆಯ, ಬಹಳ ಆಳದ ಮಿಡಿತ. ಅದು ಮುದಿ ಆನೆಯದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಅವನನ್ನೂ ಕುಮುದಳನ್ನೂ ನೋಡುತ್ತ ನಿಂತಿತ್ತು.

ಕುಮುದ ನಿಂತಳು. ಅವಳ ಮೈಯಿಂದ ಒಂದು ದೀರ್ಘವಾದ ಅಲೆ ಎದ್ದಿತು. ಏನು ಹೇಳಿದಳೋ. ಮುದಿ ಆನೆ ಕದಲಲಿಲ್ಲ. ಕುಮುದ ಮತ್ತೆ ಹೇಳಿದಳು. ಆಗ ಚೆಲುವ, ಯಾಕೆ ಎಂದು ಯೋಚಿಸದೆ, ಅವಳ ಧ್ವನಿಯ ಮೇಲೆ ತನ್ನದನ್ನಿಟ್ಟ. ಪದವಿಲ್ಲ, ಆಜ್ಞೆಯಿಲ್ಲ. ಅವಳು ಹಿಡಿದ ಶ್ರುತಿಯನ್ನೇ ಹಿಡಿದು, ಎದೆಯಲ್ಲಿದ್ದ ಉಸಿರನ್ನೆಲ್ಲ ಅದಕ್ಕೆ ಕೊಟ್ಟ. ಅವನ ಹಲ್ಲು ನಡುಗಿದವು. ಕಣ್ಣ ಮುಂದೆ ಮಳೆಹನಿಗಳೇ ಅದುರಿದಂತೆ ಕಂಡಿತು. ಉಸಿರು ಮುಗಿಯಿತು, ಎಳೆದುಕೊಂಡ, ಮತ್ತೆ ಕೊಟ್ಟ. ಎಲ್ಲಿ ಕುಮುದ ಮುಗಿದು ಎಲ್ಲಿ ತಾನು ಶುರುವಾಗುತ್ತೇನೆ ಎನ್ನುವುದು ಅವನಿಗೆ ತಿಳಿಯಲಿಲ್ಲ.

ಜೀಪಿನಲ್ಲಿ ಹೊಳ್ಳ ಮೇಡಂ ಪರದೆಯ ಮೇಲಿನ ಗೆರೆಗಳು ಒಂದೊಂದಾಗಿ ಸುಮ್ಮನಾಗುವುದನ್ನು ಕಂಡಳು. ಹಿಂಡು ಮಾತು ನಿಲ್ಲಿಸಿ ಕೇಳುತ್ತಿತ್ತು.

ಮುದಿ ಆನೆ ಕಿವಿ ಮಡಚಿತು. ನಿಧಾನಕ್ಕೆ ಒಂದು ಹೆಜ್ಜೆ ಹಿಂದಿಟ್ಟಿತು. ಇನ್ನೊಂದು. ಅದರ ಹಿಂದೆ ಹಿಂಡೆಲ್ಲ ಮರಗಳ ಅಂಚಿಗೆ ಸರಿಯಿತು.

ಅದೇ ಗಳಿಗೆಯಲ್ಲಿ ಚೆಲುವನ ಗಂಟಲಲ್ಲಿ ಒದ್ದೆ ಕಾಗದ ಹರಿದಂತಾಯಿತು. ಬಾಯಿಗೆ ಸ್ವಲ್ಪ ಉಪ್ಪು ರುಚಿ ಬಂತು. ಒಮ್ಮೆಗೇ ಎಲ್ಲ ನಿಶ್ಶಬ್ದ. ಅವನು ಕೆಮ್ಮುತ್ತಲೇ ಕಾಲ್ಬೆರಳಿನಿಂದ ಕುಮುದಳ ಕಿವಿಯ ಹಿಂದೆ ಒತ್ತಿದ. ಅವಳು ಗುಂಡಿಯ ಅಂಚಿಗೆ ಹೋಗಿ ಮುಂಗಾಲಿನಿಂದ ದಡವನ್ನು ಒದ್ದು ಒದ್ದು ಇಳಿಜಾರು ಮಾಡಿದಳು, ಸೊಂಡಿಲು ಇಳಿಸಿ ಮರಿಯ ಮುಂಗಾಲನ್ನು ಸುತ್ತಿ ಎಳೆದಳು. ಮರಿ ಕೆಸರಿನಿಂದ ಪಚಕ್ಕನೆ ಕಿತ್ತುಬಂದು, ಜಾರಿ, ಮತ್ತೆ ಹತ್ತಿ, ಕಾಡಿನ ಕಡೆ ಓಡಿ ತಾಯಿಯ ಹೊಟ್ಟೆಯಡಿ ನುಗ್ಗಿತು. ಹೊಲದ ಬದುವಿನಲ್ಲಿ ನಿಂತಿದ್ದ ಜನ ಕೈಮುಗಿದರು.

ಹೊರಡುವ ಮುಂಚೆ ಮುದಿ ಆನೆ ತಿರುಗಿ ನಿಂತಿತು. ಅದರ ಹಣೆ ಅದುರುವುದು ಚೆಲುವನಿಗೆ ಕಂಡಿತು. ಏನೋ ಹೇಳುತ್ತಿತ್ತು. ಅವನ ಹರಿದ ಗಂಟಲಿಗೆ ಅದು ತಾಗಲಿಲ್ಲ. ತೊಡೆಯ ಕೆಳಗೆ ಕುಮುದ ಉತ್ತರ ಕೊಟ್ಟಳು.

ಆಮೇಲಿನ ಮಳೆಗಾಲವೆಲ್ಲ ಮನೆಯಲ್ಲಿ ಮತ್ತೆ ತಟ್ಟೆಯ ಸದ್ದು. ಮಾಸ್ತಮ್ಮ ಈ ಸಲ ಸಿಡುಕಲಿಲ್ಲ. ನೋಡಬೇಕಾದ್ದನ್ನು ಅವಳೂ ಬದುವಿನ ಮೇಲೆ ನಿಂತು ನೋಡಿದ್ದಳು. ಹೊಸ ಪೊರೆ ತಯಾರಾದ ದಿನ ಮೈಸೂರಿನಲ್ಲಿ ಹೊಳ್ಳ ಮೇಡಂ ಇಬ್ಬರನ್ನೂ ಕೂರಿಸಿಕೊಂಡು ಕೇಳಿದಳು: "ಸೋಸುಕ ಹಾಕಿದ್ರೆ ಇದು ವರ್ಷಗಟ್ಟಲೆ ಬರುತ್ತೆ. ಹಾಕದಿದ್ರೆ ಮತ್ತೆ ಹರೀಬಹುದು. ಏನು ಮಾಡ್ಲಿ?"

ಪೊರೆಯನ್ನು ಚೆಲುವನ ಗಂಟಲಿಗೆ ಇನ್ನೂ ಕೂರಿಸಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ.

"ಬ್ಯಾಡ ಮೇಡಂ," ಎಂದಳು ಮಾಸ್ತಮ್ಮ. "ಹಂಗೇ ಬಿಡ್ರಿ. ಹರಿದಾಗ ನೋಡ್ಕಳಾನ."

ಅವನು ಮತ್ತೆ ಕೆಲಸಕ್ಕೆ ಹೋದ ದಿನ ಮಾಸ್ತಮ್ಮನೂ ಜೊತೆಗೆ ಬಂದಳು. ಇಷ್ಟು ವರ್ಷ ಆನೆಯ ಮೇಲೆ ಕೂತವಳಲ್ಲ. ಅಕ್ರಂ ನಗುತ್ತ ಏಣಿ ಹಿಡಿದ. ಗಂಡನ ಹಿಂದೆ ಅವನ ಅಂಗಿ ಹಿಡಿದು ಕೂತಳು. ಮಳೆ ನಿಂತು ಹಿನ್ನೀರು ಕಣ್ಣು ಹಾಯುವವರೆಗೆ ತುಂಬಿತ್ತು. ಆಚೆ ದಡದ ಕಾಡಿನಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಕುಮುದ ನೀರಿನಂಚಿನಲ್ಲಿ ತಟ್ಟನೆ ನಿಂತಳು. ಚೆಲುವನ ಬೆನ್ನು ನೆಟ್ಟಗಾಯಿತು.

"ಏನಾಯ್ತು?"

ಅವನು ಮಾತಾಡದೆ ಮಾಸ್ತಮ್ಮನ ಕೈಯನ್ನು ಹಿಡಿದು ತನ್ನ ಕತ್ತಿನ ಮೇಲೆ ಇಟ್ಟುಕೊಂಡ. ಅವಳ ಬೆರಳಡಿಯಲ್ಲಿ ಅವನ ಗಂಟಲು ಮಿಡಿಯುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಮಿಡಿಯುತ್ತಿತ್ತು. ಅವನ ತುಟಿ ಮುಚ್ಚಿತ್ತು.

"ನೀನಲ್ಲವಾ?" ಎಂದಳು ಅವಳು ಪಿಸುಮಾತಿನಲ್ಲಿ.

ಅವನು ತಲೆಯಲ್ಲಾಡಿಸಿ ಆಚೆ ದಡವನ್ನು ತೋರಿಸಿದ. ಅಲ್ಲಿ ಹಸಿರು ಗೆರೆಯಲ್ಲದೆ ಏನೂ ಕಾಣುತ್ತಿರಲಿಲ್ಲ.

"ಯಾರು?"

"ಗೊತ್ತಿಲ್ಲ," ಎಂದ ಚೆಲುವ, ಆ ಮಿಡಿತದ ನಡುವೆ ಸಿಕ್ಕಿದ ಬಿಡುವಿನಲ್ಲಿ. "ಬಾಳ ದೂರದವರು."

ಮಾಸ್ತಮ್ಮ ಕೈ ತೆಗೆಯಲಿಲ್ಲ. ಮಿಡಿತ ಮತ್ತೆ ಬಂತು, ಈ ಸಲ ಇನ್ನೊಂದು ದಿಕ್ಕಿನಿಂದ, ಬೇರೆ ಥರ. ಕುಮುದ ಕಿವಿ ಬಿಚ್ಚಿ, ತಲೆಯೆತ್ತಿ, ಇಬ್ಬರನ್ನೂ ಹೊತ್ತುಕೊಂಡು ನೀರಿಗಿಳಿದಳು.